ಗ್ಲುಕೋಸ್ ಗಂಟೆಗೆ ಒಂದು ಬೊಂಡ

ಮೊದಲೇ ಹೇಳಿಬಿಡುತ್ತೇನೆ, ನನಗೆ ಕೋಪ ಬರುವುದಿಲ್ಲ. ಜನ ಬರಿಸುತ್ತಾರೆ. ನಾನಿರುವ ಜೆಪ್ಪುವಿನಲ್ಲಿ ನನ್ನ ಬಗ್ಗೆ ಬೇರೆ ಅಭಿಪ್ರಾಯ ಇದ್ದರೆ ಅದು ಜೆಪ್ಪುವಿನವರ ತಪ್ಪು. ಎಪ್ಪತ್ತರ ದಶಕದ ಕೊನೆಯಲ್ಲಿ ಈ ದೇಶದ ವೈದ್ಯಶಾಸ್ತ್ರಕ್ಕೆ ನಾನು ಒಂದು ದೊಡ್ಡ ಸೇವೆ ಸಲ್ಲಿಸುವವನಿದ್ದೆ. ನನ್ನ ಹೆಸರಿನಲ್ಲಿ ಭಾರತ ಸರ್ಕಾರದ ಒಂದು ಪೇಟೆಂಟ್ ಇರಬೇಕಿತ್ತು. ಇಲ್ಲ! ಯಾಕೆ ಇಲ್ಲ ಎಂಬುದನ್ನು ಓದಿದ ಮೇಲೆ ನಿಮಗೂ ಕೋಪ ಬಾರದಿದ್ದರೆ ಒಮ್ಮೆ ಡಾಕ್ಟರಿಗೆ ತೋರಿಸಿಕೊಳ್ಳಿ.

ನಾನು ಆಗ ಒಂದು ಹಂಚಿನ ಕಾರ್ಖಾನೆಯಲ್ಲಿ ಯಂತ್ರಗಳ ಮೇಲ್ವಿಚಾರಕ. ಶೋಧನೆ ನನಗೆ ಹುಟ್ಟುಗುಣ. ಮಕ್ಕಳು ಉಗುಳದ ಹಾಗೆ ಕಷಾಯ ಕುಡಿಸುವ ಲೋಟವೊಂದನ್ನು ಮೊದಲು ಮಾಡಿದ್ದೆ. ಮಕ್ಕಳು ಉಗುಳಲಿಲ್ಲ, ಲೋಟವೇ ಉಗುಳಿತು. ಆಮೇಲೆ ಕಾರ್ಖಾನೆಯ ಹಳೆಯ ಕಾಗದಪತ್ರಗಳನ್ನು ಕಣ್ಣು ಮಿಟುಕಿಸುವುದರೊಳಗೆ ಹುಡುಕಿ ತೆಗೆಯಲು, ಒಂದೊಂದು ವಿಷಯಕ್ಕೆ ಒಂದೊಂದು ಬಣ್ಣದ ನೂಲು ಕಟ್ಟುವ ಪದ್ಧತಿ ತಂದೆ. ನಮ್ಮ ಮ್ಯಾನೇಜರಿಗೆ ಕೆಂಪಿಗೂ ಹಸಿರಿಗೂ ವ್ಯತ್ಯಾಸ ಕಾಣುವುದಿಲ್ಲ ಎಂದು ತಿಳಿದದ್ದು ಆ ಮೇಲೆ. ತಮ್ಮ ಕಣ್ಣಿನ ದೋಷವನ್ನು ನನ್ನ ಪದ್ಧತಿಯ ತಲೆಗೆ ಕಟ್ಟಿದರು! ಇಂಥ ಊರಿನಲ್ಲಿ ವಿಜ್ಞಾನ ಹೇಗೆ ಬೆಳೆಯುತ್ತದೆ?

ಇರಲಿ, ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನ ಹೆಂಡತಿ ಸುಗಂಧಿಯ ಅಣ್ಣ, ಜಗನ್ನಾಥ ಭಾವ. ಶಕ್ತಿನಗರದಲ್ಲಿ ಮನೆ, ಹಂಪನಕಟ್ಟೆಯಲ್ಲಿ ಹೋಟೆಲು. ಊರಿಗೆಲ್ಲ ಊಟ ಹಾಕುವ ಭಾವ ತಾವು ಮಾತ್ರ ಮಧ್ಯಾಹ್ನಕ್ಕೆ ಮನೆಯಿಂದ ಬುತ್ತಿ ತರಿಸಿಕೊಳ್ಳುತ್ತಿದ್ದರು. ಒಂದು ದಿನ ಬುತ್ತಿ ಬರಲಿಲ್ಲ. ಹಸಿವು ತಡೆಯದೆ ಸ್ವಂತ ಹೋಟೆಲಿನ ಬಂಗುಡೆ ಮೀನಿನ ಗಸಿಯಲ್ಲೇ ಊಟ ಮಾಡಿದರು. ಸಂಜೆಯೊಳಗೆ ಅತ್ತಾವರದ ಆಸ್ಪತ್ರೆಯಲ್ಲಿದ್ದರು.

ಮರುದಿನ ಅವರನ್ನು ನೋಡಿಕೊಳ್ಳುವ ಪಾಳಿ ನನ್ನದು. ಕೈಗೆ ಗ್ಲುಕೋಸ್ ಚುಚ್ಚಿದ್ದರು. ಗಾಜಿನ ಬಾಟ್ಲಿ ಕಬ್ಬಿಣದ ಸ್ಟ್ಯಾಂಡಿನಲ್ಲಿ ತಲೆಕೆಳಗಾಗಿ ತೂಗುತ್ತಿತ್ತು. ಅದು ಮುಗಿಯುವ ಹೊತ್ತಿಗೆ ಸಿಸ್ಟರನ್ನು ಕರೆಯಬೇಕು, ಅಷ್ಟೇ ನನ್ನ ಕೆಲಸ. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ ಉಂಡಿದ್ದೆ, ಮೇಲೆ ಫ್ಯಾನ್ ತಿರುಗುತ್ತಿತ್ತು. ಒಂದೊಂದೇ ತೊಟ್ಟು ಬೀಳುವುದನ್ನು ನೋಡುತ್ತಾ ಕುಳಿತರೆ ಋಷಿಗೂ ನಿದ್ದೆ ಬರುತ್ತದೆ. ನನಗೂ ಬಂತು.

ಎಚ್ಚರವಾದದ್ದು ವಾರ್ಡಿನ ದೊಡ್ಡ ಸಿಸ್ಟರ್ ಲೂಸಿಯವರ ಸ್ವರಕ್ಕೆ.

"ಎಂತ ಮಾರಾಯ್ರೆ ನೀವು! ಬಾಟ್ಲಿ ನೋಡ್ಲಿಕ್ಕೆ ಕೂತದ್ದಾ, ನಿದ್ದೆ ಮಾಡ್ಲಿಕ್ಕೆ ಕೂತದ್ದಾ? ನಾನು ಈಗ ಬಾರದಿದ್ರೆ ಎಂತ ಆಗ್ತಿತ್ತು?"

ವಾರ್ಡಿನವರೆಲ್ಲ ನನ್ನನ್ನೇ ನೋಡಿದರು. ಮಾತನಾಡಲು ತ್ರಾಣವಿಲ್ಲದ ಭಾವನಿಗೆ ಆಗ ಎಲ್ಲಿಂದಲೋ ತ್ರಾಣ ಬಂತು.

"ಬಿಡಿ ಸಿಸ್ಟರ್. ಹಂಚು ಕಾಯುವವರಿಗೆ ಬಾಟ್ಲಿ ಕಾಯ್ಲಿಕ್ಕೆ ಗೊತ್ತಾಗುದಿಲ್ಲ. ಹಂಚು ಖಾಲಿ ಆಗುದಿಲ್ಲಲ್ಲಾ!"

ವಾರ್ಡ್ ನಕ್ಕಿತು. ಹೊಟ್ಟೆಗೆ ಆಪರೇಷನ್ ಆದವರೂ ಹೊಲಿಗೆ ಹಿಡಿದುಕೊಂಡು ನಕ್ಕರು. ನನ್ನ ಮೈಯೆಲ್ಲ ಉರಿಯಿತು. ಸಂಜೆ ಬಸ್ಸು ಹತ್ತದೆ ಅತ್ತಾವರದಿಂದ ಜೆಪ್ಪುವಿಗೆ ನಡೆದೇ ಬಂದೆ. ಮನೆ ಮುಟ್ಟುವಾಗ ಯಂತ್ರ ನನ್ನ ತಲೆಯಲ್ಲಿ ತಯಾರಾಗಿತ್ತು.

ಬಾಟ್ಲಿ ತುಂಬಿದ್ದಾಗ ಭಾರ, ಮುಗಿದಾಗ ಹಗುರ. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಯಾರೂ ಏನೂ ಮಾಡಲಿಲ್ಲ. ನಾನು ಮಾಡಿದೆ! ಬಾಟ್ಲಿಯನ್ನು ನೇರವಾಗಿ ಸ್ಟ್ಯಾಂಡಿಗೆ ಹಾಕದೆ ನಡುವೆ ಒಂದು ಸ್ಪ್ರಿಂಗ್ ತಕ್ಕಡಿ ಇಡುವುದು. ಬಾಟ್ಲಿ ಹಗುರವಾದ ಹಾಗೆ ತಕ್ಕಡಿಯ ಮುಳ್ಳು ಮೇಲೇರುತ್ತದೆ. ಮುಳ್ಳಿಗೆ ಒಂದು ನೂಲು. ನೂಲಿನ ಇನ್ನೊಂದು ತುದಿಯಲ್ಲಿ, ಅಲಾರಂ ಟೈಂಪೀಸಿನ ಸುತ್ತಿಗೆಯನ್ನು ತಡೆದು ಹಿಡಿದ ಒಂದು ಪಿನ್ನು. ಬಾಟ್ಲಿ ಮುಗಿಯುವ ಹೊತ್ತಿಗೆ ಪಿನ್ನು ಕಳಚಬೇಕು, ಗಂಟೆ ಬಾರಿಸಬೇಕು. ಕಾಯುವವನು ಧೈರ್ಯವಾಗಿ ಗೊರಕೆ ಹೊಡೆಯಬಹುದು.

ಟೈಂಪೀಸು ಮನೆಯಲ್ಲೇ ಇತ್ತು. ಮುಂದಿನ ಭಾನುವಾರ ಅದನ್ನು ಬಿಚ್ಚಿದೆ. ಸುಗಂಧಿ ಬಾಗಿಲಲ್ಲಿ ನಿಂತು ನೋಡಿದಳು.

"ಅದು ಅಣ್ಣ ನಮ್ಮ ಮದುವೆಗೆ ಕೊಟ್ಟದ್ದಲ್ವಾ? ಅದನ್ನು ಎಂತಕ್ಕೆ ಬಿಚ್ಚಿದ್ದು?"

"ನಿನ್ನ ಅಣ್ಣನ ಜೀವ ಉಳಿಸ್ಲಿಕ್ಕೆ."

"ಅವ ಗುಣ ಆಗಿ ಮನೆಗೆ ಬಂದಾಯ್ತಲ್ಲ!"

"ಮುಂದಿನ ಸಲಕ್ಕೆ!"

ಆ ದಿನ ಮಧ್ಯಾಹ್ನ ನನ್ನ ಬಟ್ಟಲಿಗೆ ಮೀನಿನ ತಲೆ ಮಾತ್ರ ಬಿತ್ತು.

ತಕ್ಕಡಿಗಾಗಿ ಬಂದರಿಗೆ ಹೋದೆ. ಅಲ್ಲಿ ಹಸನಬ್ಬ ಬ್ಯಾರಿಗಳ ಅಂಗಡಿ. ತಕ್ಕಡಿ, ಹಗ್ಗ, ಗಾಳ, ಸರಪಳಿ ಎಲ್ಲ ಮಾರುತ್ತಿದ್ದರು. ಭಾವನ ಹಳೆಯ ಸ್ನೇಹಿತರು, ನನಗೂ ಪರಿಚಯ. ಒಳ್ಳೆಯವರು. ಆದರೆ ಏನು ಕೇಳಿದರೂ ಕಾರಣ ಬೇಕು.

"ಎಂತ ತೂಗ್ಲಿಕ್ಕೆ ಶೆಟ್ರೆ?"

"ಹೇಳ್ಲಿಕ್ಕೆ ಆಗುದಿಲ್ಲ."

"ಮೀನಾ?"

"ಅಲ್ಲ."

"ಚಿನ್ನವಾ?"

"ಚಿನ್ನವನ್ನು ಯಾರಾದ್ರೂ ಕೊಕ್ಕೆಯಲ್ಲಿ ತೂಗ್ತಾರಾ? ನಿಮ್ಮ ಮಂಡೆ ಸಮ ಉಂಟಾ?"

"ಸಿಟ್ಟು ಮಾಡ್ಬೇಡಿ ಮಾರಾಯ್ರೆ. ಗಟ್ಟಿದೇ ಕೊಡ್ತೇನೆ. ಇದಕ್ಕೆ ಎಂತ ತೂಗುಹಾಕಿದ್ರೂ ಹರಿಯುದಿಲ್ಲ," ಎಂದು ದೊಡ್ಡ ಕೊಕ್ಕೆಯ ಒಂದು ತಕ್ಕಡಿ ಕೊಟ್ಟರು. ಆ ಮಾತು ಅಕ್ಷರಶಃ ನಿಜವಾಗಿತ್ತು. ಅದೇ ನನ್ನ ದುರದೃಷ್ಟ.

ಯಂತ್ರ ಮುಗಿಯಿತು. ಬಾಗಿಲ ಚೌಕಟ್ಟಿಗೆ ನೀರಿನ ಬಾಟ್ಲಿ ತೂಗುಹಾಕಿ, ಪೈಪನ್ನು ಬಾಲ್ದಿಗೆ ಇಳಿಸಿ ನೋಡಿದೆ. ಬಾಟ್ಲಿ ಮುಗಿಯುತ್ತಿದ್ದ ಹಾಗೆಯೇ ಗಂಟೆ ಬಾರಿಸಿತು! ಅದೇ ಅಂಗಿಯಲ್ಲಿ ಕಾಮತ್ ವಕೀಲರ ಆಫೀಸಿಗೆ ಓಡಿದೆ. ಅವರು ಭಾವನ ಹೋಟೆಲಿನ ವ್ಯವಹಾರ ನೋಡುವವರು, ಪೇಟೆಂಟಿನ ಕಾನೂನೂ ಸ್ವಲ್ಪ ಬಲ್ಲವರು. ಬಾಗಿಲು ಹಾಕಿಸಿ, ತಗ್ಗಿದ ಸ್ವರದಲ್ಲಿ ಎಲ್ಲ ಹೇಳಿದೆ.

"ಶೆಟ್ರೆ, ಇದು ಆಗುವ ವಿಷಯ," ಎಂದರು ವಕೀಲರು. "ಚಿತ್ರ ಬಿಡಿಸಿ, ವಿವರ ಬರೆದು ತನ್ನಿ. ಆದ್ರೆ ಒಂದುಂಟು. ಅರ್ಜಿ ಮದ್ರಾಸಿಗೆ ಮುಟ್ಟುವವರೆಗೆ ಇದು ನಿಮ್ಮ ಮಂಡೆಯೊಳಗೇ ಇರ್ಬೇಕು. ನಾಲ್ಕು ಜನರಿಗೆ ಗೊತ್ತಾದ ವಿಷಯಕ್ಕೆ ಸರ್ಕಾರ ಪೇಟೆಂಟ್ ಕೊಡುದಿಲ್ಲ. ನಿಮ್ಮ ಕೋಪ ನನಗೆ ಗೊತ್ತುಂಟು. ಬಾಯಿ ಜಾಗ್ರತೆ."

"ನನಗೆಂತ ಕೋಪ!" ಎಂದು ಮೇಜು ಗುದ್ದಿ ಹೇಳಿ ಬಂದೆ.

ವಿವರ ಬರೆಯಲು ಕುಳಿತೆ. ಸರ್ಕಾರಕ್ಕೆ ಬರೆಯುವಾಗ ಭಾಷೆ ಗಂಭೀರವಾಗಿರಬೇಕು. 'ಸದರಿ ಬಾಟ್ಲಿಯು ಹಗುರವಾಗಲಾಗಿ, ಸದರಿ ಮುಳ್ಳು ಮೇಲಕ್ಕೇರತಕ್ಕದ್ದು. ಮುಳ್ಳು ಏರಲಾಗಿ, ಸದರಿ ನೂಲು ಎಳೆಯಲ್ಪಡತಕ್ಕದ್ದು.' ಓದಿದಾಗ ನನಗೇ ನನ್ನ ಮೇಲೆ ಗೌರವ ಹುಟ್ಟಿತು. ಕಾಗದವನ್ನು ಮಡಚಿ ಕಿಸೆಯಲ್ಲೇ ಇಟ್ಟುಕೊಂಡು ತಿರುಗಿದೆ. ಸೋಮವಾರ ಅರ್ಜಿ ಕಳುಹಿಸುವುದೆಂದು ನಿಶ್ಚಯವಾಯಿತು. ಒಂದೇ ಒಂದು ಕೊರತೆ. ಯಂತ್ರ ಬಾಲ್ದಿಯ ಜೀವ ಉಳಿಸಿತ್ತು, ಮನುಷ್ಯನದ್ದು ಇನ್ನೂ ಉಳಿಸಿರಲಿಲ್ಲ.

ಶನಿವಾರ ಬೆಳಿಗ್ಗೆ ಸುಗಂಧಿ ಅಳುತ್ತಾ ಬಂದಳು.

"ಅಣ್ಣನಿಗೆ ಪುನಃ ಆಗಿದೆ! ಅಡುಗೆಯವನ ಮೇಲೆ ಸಂಶಯ ಬಂದು ಮಾಡಿದ್ದನ್ನೆಲ್ಲ ತಾನೇ ರುಚಿ ನೋಡಿದ್ನಂತೆ. ಆಸ್ಪತ್ರೆಗೆ ಹಾಕಿದ್ದಾರೆ."

"ಗ್ಲುಕೋಸ್ ಕೊಟ್ಟಿದ್ದಾರಾ?"

"ಕೊಟ್ಟಿದ್ದಾರಂತೆ."

"ದೇವರು ದೊಡ್ಡವನು!" ಎಂದೆ.

ಅವಳು ನನ್ನನ್ನು ನೋಡಿದ ರೀತಿಯನ್ನು ಬರೆಯುವುದು ಬೇಡ.

ಯಂತ್ರಕ್ಕೆ ತಲೆದಿಂಬಿನ ಒಂದು ಬಿಳಿ ಚೀಲ ಹೊದಿಸಿದೆ. ತಕ್ಕಡಿ, ಟೈಂಪೀಸು, ನೂಲು ಎಲ್ಲ ಒಳಗೆ. ಕೆಳಗಿನ ಕೊಕ್ಕೆ ಮಾತ್ರ ಹೊರಗೆ. ವಾರ್ಡಿಗೆ ಹೋಗಿ, ಯಾರೂ ನೋಡದ ಹೊತ್ತಿನಲ್ಲಿ ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕೊಕ್ಕೆಗೆ ಬಾಟ್ಲಿ ತೂಗುಹಾಕಿದೆ. ತಿರುಗಿ ನೋಡಿದರೆ ಲೂಸಿ ಸಿಸ್ಟರ್!

"ಇದೆಂತ? ಒಳಗೆ ಟಿಕ್ ಟಿಕ್ ಅಂತ ಕೇಳ್ತದಲ್ಲಾ!"

ನಿಜ ಹೇಳಿದರೆ ಪೇಟೆಂಟ್ ಹೋಯಿತು. ಸುಳ್ಳು ಹೇಳಬೇಕು, ಅದೂ ಯಾರೂ ಬಿಚ್ಚಿ ನೋಡದಂಥ ಸುಳ್ಳು. ನಮ್ಮ ಊರಿನಲ್ಲಿ ಅಂಥದ್ದು ಒಂದೇ ಉಂಟು.

"ಹರಕೆ, ಸಿಸ್ಟರ್. ಭಾವ ಗುಣ ಆಗ್ಲಿ ಅಂತ ನಮ್ಮ ದೈವಕ್ಕೆ ಹೇಳಿಕೊಂಡದ್ದು. ಮುಚ್ಚಿಯೇ ಇರ್ಬೇಕು. ಯಾರೂ ಒಳಗೆ ನೋಡ್ಲಿಕ್ಕಿಲ್ಲ."

ಸಿಸ್ಟರ್ ಎರಡು ಹೆಜ್ಜೆ ಹಿಂದೆ ಸರಿದು ಶಿಲುಬೆಯ ಗುರುತು ಹಾಕಿಕೊಂಡರು. "ಹಾಗಾದ್ರೆ ಇರ್ಲಿ. ಆದ್ರೆ ಬಾಟ್ಲಿ ನೋಡ್ತಾ ಇರಿ. ಹರಕೆ ಬಾಟ್ಲಿ ನೋಡುದಿಲ್ಲ."

ನೋಡ್ತದೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿದೆ. ಆ ದಿನ ನಾನು ತೋರಿಸಿದ ಕೊನೆಯ ಸಂಯಮ ಅದು.

ಸಂಜೆ ರೋಗಿಗಳನ್ನು ನೋಡಲು ಜನ ಬಿಡುವ ಹೊತ್ತು. ನಾನು ಬಾಟ್ಲಿಗೆ ಬೆನ್ನು ಹಾಕಿ ಕುಳಿತೆ. ಅದು ಉದಾಸೀನವಲ್ಲ, ತತ್ವ. ಯಂತ್ರ ಕಂಡುಹಿಡಿದವನೇ ಬಾಟ್ಲಿ ನೋಡುತ್ತಾ ಕುಳಿತರೆ ಯಂತ್ರಕ್ಕೆ ಅವಮಾನ. ಭಾವನಿಗೆ ಅವರ ಹೋಟೆಲಿನ ಎಣ್ಣೆಯ ಬಗ್ಗೆ ಉಪನ್ಯಾಸ ಕೊಡಲು ಶುರು ಮಾಡಿದೆ. ಎದ್ದು ಹೋಗಲಾಗದ ಶ್ರೋತೃ, ಅಂಥ ಅವಕಾಶ ಮತ್ತೆ ಸಿಗುವುದಿಲ್ಲ.

ನಮ್ಮಲ್ಲಿ ರೋಗಿಯನ್ನು ನೋಡಲು ಬರಿಗೈಯಲ್ಲಿ ಯಾರೂ ಬರುವುದಿಲ್ಲ. ಬ್ರೆಡ್ಡು, ಮುಸುಂಬಿ, ಇಲ್ಲವೇ ಘಟ್ಟದ ಮೇಲಿನವರು ಎಳನೀರು ಎನ್ನುವ ನಮ್ಮ ಬೊಂಡ, ಏನಾದರೂ ಇರಲೇಬೇಕು. ಒಬ್ಬೊಬ್ಬರೇ ಬಂದರು, ನನ್ನ ಬೆನ್ನ ಹಿಂದೆ ಸ್ವಲ್ಪ ಹೊತ್ತು ನಿಂತು ಸರಿದರು. ಪಕ್ಕದ ಮಂಚದ ರೋಗಿಯನ್ನು ನೋಡಿಕೊಳ್ಳುವ ಅಜ್ಜಿ ಬಂದು ನಿಂತರು. ಹಸನಬ್ಬ ಬ್ಯಾರಿಗಳೂ ಬಂದರು, ಟೊಪ್ಪಿ ಸರಿಮಾಡಿಕೊಂಡು ನಿಂತರು. ಭಾವನ ಮೇಲೆ ಈ ಊರಿಗೆ ಇಷ್ಟೊಂದು ಪ್ರೀತಿಯೇ ಎಂದು ಆಶ್ಚರ್ಯಪಟ್ಟೆ. ಸ್ವಲ್ಪ ಹೊಟ್ಟೆಯೂ ಉರಿಯಿತು.

"ಭಾವ..." ಎಂದರು ಜಗನ್ನಾಥ ಭಾವ ಕ್ಷೀಣ ಸ್ವರದಲ್ಲಿ.

"ನಡುವೆ ಮಾತಾಡ್ಬೇಡಿ. ಒಮ್ಮೆ ಕಾಯಿಸಿದ ಎಣ್ಣೆಯನ್ನು..."

"ಭಾವ, ಪೈಪು ಕೆಂಪಾಗಿದೆ."

ತಿರುಗಿದೆ. ಬಾಟ್ಲಿ ಪೂರ್ತಿ ಬರಿದಾಗಿತ್ತು. ಪೈಪಿನಲ್ಲಿ ಭಾವನ ರಕ್ತ ಮೇಲೇರುತ್ತಿತ್ತು. ಗಂಟೆ ಸುಮ್ಮನಿತ್ತು! ಯಾಕೆಂದರೆ ನನ್ನ ಯಂತ್ರದ ಕೊಕ್ಕೆಗೆ ಒಂದು ಮಾರು ಮಲ್ಲಿಗೆ, ಒಂದು ಚಿಪ್ಪು ಕದಳಿ ಬಾಳೆಹಣ್ಣು, ಬಟ್ಟೆಯಲ್ಲಿ ಗಂಟು ಕಟ್ಟಿದ ಚಿಲ್ಲರೆ, ಇದೆಲ್ಲದರ ಕೆಳಗೆ ತೆಂಗಿನ ಹುರಿಯಲ್ಲಿ ಬಿಗಿದ ಭರ್ಜರಿ ಒಂದು ಬೊಂಡ ತೂಗುತ್ತಿದ್ದವು. ಭಾರಕ್ಕೆ ವಾಲಿದ ಸ್ಟ್ಯಾಂಡನ್ನು ಯಾರೋ ಪುಣ್ಯಾತ್ಮರು ಗೋಡೆಗೆ ಒರಗಿಸಿದ್ದರು.

ಹರಕೆಯ ಸುದ್ದಿ ಸಿಸ್ಟರಿನಿಂದ ಪಕ್ಕದ ಮಂಚಕ್ಕೆ, ಅಲ್ಲಿಂದ ವಾರ್ಡಿಗೆ, ವಾರ್ಡಿನಿಂದ ವೆರಾಂಡಕ್ಕೆ ಹೋಗಿತ್ತು. ಒಳಗೆ ಟಿಕ್ ಟಿಕ್ ಕೇಳಿಸುವ ದೈವದ ಹರಕೆ ಎಂದರೆ ಯಾರು ಬಿಡುತ್ತಾರೆ?

ಲೂಸಿ ಸಿಸ್ಟರ್ ಓಡಿ ಬಂದು ಪೈಪು ಬಿಗಿದರು. ಭಾವನಿಗೆ ಏನೂ ಆಗಲಿಲ್ಲ, ಕಲ್ಲಿನ ಜೀವ. ನಾನು ಮಾತ್ರ ಕುದಿಯುತ್ತಿದ್ದೆ. ಹೂವು, ಹಣ್ಣು, ಚಿಲ್ಲರೆ, ಬೊಂಡ ಎಲ್ಲವನ್ನೂ ಒಂದೇ ಸಲಕ್ಕೆ ಕಿತ್ತೆ. ತಕ್ಕಡಿಯ ಮುಳ್ಳು ಮೇಲಕ್ಕೆ ಹಾರಿತು. ಪಿನ್ನು ಕಳಚಿತು. ಗಂಟೆ ಬಾರಿಸತೊಡಗಿತು!

ಪಕ್ಕದ ಮಂಚದ ಅಜ್ಜಿ ಕೈಮುಗಿದರು. "ಬೊಂಡ ತೆಗೆದದ್ದು ಆಗ್ಲಿಲ್ಲ! ದೈವಕ್ಕೆ ಸಿಟ್ಟು ಬಂತು!"

"ಸಿಟ್ಟು ಬಂದದ್ದು ದೈವಕ್ಕಲ್ಲ, ನನಗೆ!" ಎಂದು ಕೂಗಿದೆ. "ಯಾರು ಈ ಬೊಂಡ ಕಟ್ಟಿದ್ದು?"

"ನಾನು ಶೆಟ್ರೆ," ಎಂದರು ಹಸನಬ್ಬ. "ನಿಮ್ಮ ದೈವದ ಹರಕೆ ಅಂತ ಹೇಳಿದ್ರು. ನಾವು ಬೇರೆಯವರಾದ್ರೆ ಎಂತ, ಜಗನ್ನಾಥಣ್ಣ ನಮ್ಮವರೇ ಅಲ್ವಾ? ಬರಿಗೈಯಲ್ಲಿ ನಿಲ್ಲುದು ಹೇಗೆ? ಅವರಿಗೆ ಅಂತ ತಂದದ್ದನ್ನು ಅದಕ್ಕೇ ಕೊಟ್ಟೆ." ಆಮೇಲೆ, ಬಾರಿಸುತ್ತಲೇ ಇದ್ದ ಚೀಲವನ್ನು ಭಕ್ತಿಯಿಂದ ನೋಡಿ ಸೇರಿಸಿದರು: "ಸತ್ಯ ಉಂಟು ಶೆಟ್ರೆ. ಬಾಟ್ಲಿ ಮುಗಿದದ್ದು ನಿಮಗೆ ಗೊತ್ತಾಗ್ಲಿಲ್ಲ, ಸಿಸ್ಟರಿಗೆ ಗೊತ್ತಾಗ್ಲಿಲ್ಲ. ದೈವಕ್ಕೆ ಗೊತ್ತಾಯ್ತು ನೋಡಿ!"

ಓದುಗರೇ, ಇಲ್ಲಿ ಒಂದು ಕ್ಷಣ ನಿಲ್ಲಿ. ನನ್ನ ಗುಟ್ಟು ಇನ್ನೂ ಚೀಲದೊಳಗೇ ಇತ್ತು. ನಾನು 'ಹೌದು ಬ್ಯಾರಿಗಳೆ' ಎಂದು ಒಮ್ಮೆ ಕೈ ಮುಗಿದಿದ್ದರೆ ಸಾಕಿತ್ತು. ಯಂತ್ರವನ್ನು ಮಡಿಲಿಗೆ ಹಾಕಿಕೊಂಡು ಮನೆಗೆ ಹೋಗಿ ಸೋಮವಾರ ಅರ್ಜಿ ಕಳುಹಿಸಬಹುದಿತ್ತು. ಆದರೆ ನಾನು ನಿದ್ದೆಗೆಟ್ಟು, ಮೀನಿನ ತಲೆ ತಿಂದು, ಹೆಂಡತಿಯ ಬೈಗುಳ ಕೇಳಿ ಮಾಡಿದ ಯಂತ್ರದ ಕೀರ್ತಿ ದೈವಕ್ಕೆ ಹೋಗುವುದೆಂದರೆ! ಅದನ್ನು ದೈವವಾದರೂ ಒಪ್ಪುತ್ತಿತ್ತೇ?

"ಹರಕೆಯೂ ಅಲ್ಲ, ಮಣ್ಣಂಗಟ್ಟಿಯೂ ಅಲ್ಲ! ಇದು ಯಂತ್ರ! ನಾನು ಮಾಡಿದ ಯಂತ್ರ!" ಎಂದು ಚೀಲ ಕಿತ್ತೆಸೆದು ಸ್ಟೂಲಿನ ಮೇಲೆ ಹತ್ತಿದೆ.

ಆಮೇಲೆ ನಾನು ಕೊಟ್ಟದ್ದು ನನ್ನ ಜೀವನದ ಶ್ರೇಷ್ಠ ಭಾಷಣ. ತಕ್ಕಡಿ ಎಂದರೇನು, ಮುಳ್ಳು ಯಾಕೆ ಏರುತ್ತದೆ, ನೂಲು ಎಲ್ಲಿ ಕಟ್ಟಬೇಕು, ಪಿನ್ನನ್ನು ಎಷ್ಟು ಓರೆಯಾಗಿ ಸಿಕ್ಕಿಸಬೇಕು, ಒಂದನ್ನೂ ಬಿಡಲಿಲ್ಲ. ಹಿಂದೆ ನಿಂತವರಿಗೆ ಕಾಣಿಸದು ಎಂದು ಯಂತ್ರವನ್ನು ತಲೆಯ ಮೇಲೆ ಎತ್ತಿ ಹಿಡಿದೆ. ಕಿಸೆಯಿಂದ ಕಾಗದ ತೆಗೆದು 'ಸದರಿ ಬಾಟ್ಲಿಯು ಹಗುರವಾಗಲಾಗಿ' ಎಂಬಲ್ಲಿಂದ ಕೊನೆಯವರೆಗೆ ಏರುಸ್ವರದಲ್ಲಿ ಓದಿದೆ. ಗದ್ದಲಕ್ಕೆ ಪಕ್ಕದ ವಾರ್ಡಿನವರೂ ಬಂದು ಸೇರಿದರು. ಒಬ್ಬ ಡಾಕ್ಟರು ಪ್ರಶ್ನೆ ಕೇಳಿದರು, ಉತ್ತರ ಕೊಟ್ಟೆ. ಕಂಪೌಂಡರ್ ಪೆನ್ನು ತೆಗೆದು ಚಿತ್ರ ಬರೆದುಕೊಂಡ, ನೂಲಿನ ಉದ್ದ ತಪ್ಪಿತ್ತು, ನಾನೇ ತಿದ್ದಿಕೊಟ್ಟೆ! ಭಾಷಣ ಮುಗಿಯುವಾಗ ಗಂಟೆಯ ಕೀಲಿಯೂ ಮುಗಿದು ಅದು ತಾನಾಗಿ ನಿಂತಿತು. ಸ್ಟೂಲಿನಿಂದ ಇಳಿಯುವಾಗ ಬಾಗಿಲ ಬಳಿ ಬ್ರೆಡ್ಡಿನ ಪೊಟ್ಟಣ ಹಿಡಿದು ನಿಂತ ಕಾಮತ್ ವಕೀಲರು ಕಾಣಿಸಿದರು. ಭಾವನನ್ನು ನೋಡಲು ಬಂದಿದ್ದರು.

"ಮುಗೀತಾ ಶೆಟ್ರೆ?"

"ಮುಗೀತು. ಹೇಗಿತ್ತು?"

"ಒಳ್ಳೆದಿತ್ತು. ಎಲ್ಲರಿಗೂ ಅರ್ಥ ಆಗಿದೆ," ಎಂದರು ವಕೀಲರು.  "ಸೋಮವಾರ ನನ್ನ ಆಫೀಸಿಗೆ ಬರುದು ಬೇಡ."

ಆಗ ನನಗೆ ಅರ್ಥವಾಯಿತು. ಅದೇ ಸ್ಟೂಲಿನ ಮೇಲೆ ಕುಳಿತೆ. ಹಸನಬ್ಬ ಬ್ಯಾರಿಗಳು ಪಾಪ, ಬೊಂಡ ಕೆತ್ತಿಸಿ ತಂದು ಕೈಗೆ ಕೊಟ್ಟರು. ಕುಡಿದೆ. ಏನು ಮಾಡುವುದು, ಸಿಹಿಯಾಗಿತ್ತು!

ಮನೆಯಲ್ಲಿ ಇನ್ನೊಂದು ವಿಚಾರಣೆ ಕಾದಿತ್ತು. ಅಣ್ಣನ ರಕ್ತ ಮೇಲೇರಿದ್ದನ್ನು ಸುಗಂಧಿ ಕ್ಷಮಿಸಿದಳು, ದೈವದ ಹೆಸರಿನಲ್ಲಿ ಸುಳ್ಳು ಹೇಳಿದ್ದನ್ನು ಕ್ಷಮಿಸಲಿಲ್ಲ. ಅವಳ ಅಪ್ಪಣೆಯಂತೆ ದೈವಸ್ಥಾನಕ್ಕೆ ಹಿತ್ತಾಳೆಯ ನಿಜವಾದ ಗಂಟೆಯೊಂದನ್ನು ಒಪ್ಪಿಸಿದೆ. ಅದರ ಮೇಲೆ ನನ್ನ ಹೆಸರು ಕೆತ್ತಿಸಿದೆ. ಸರ್ಕಾರ ಕೊಡದ ಹೆಸರನ್ನು ಕಂಚುಗಾರ ಕೊಟ್ಟ. ಅಂದ ಹಾಗೆ, ಅದಕ್ಕೆ ಯಾರೂ ಬೊಂಡ ಕಟ್ಟುವುದಿಲ್ಲ!

ಮುಂದಿನ ಮಳೆಗಾಲ ಭಾವ ಮತ್ತೆ ಮಲಗಿದರು. ಈ ಸಲ ಹೊಸ ಅಡುಗೆಯವನ ಕೈವಾಡವಂತೆ. ಪಾಳಿ ಮತ್ತೆ ನನ್ನದು. ಯಂತ್ರವನ್ನು ಗೇಟಿನೊಳಗೆ ತರಕೂಡದೆಂದು ಲೂಸಿ ಸಿಸ್ಟರ್ ಮೊದಲೇ ಹೇಳಿ ಕಳುಹಿಸಿದ್ದರು. ಅದೇ ಸ್ಟೂಲು, ಅದೇ ಫ್ಯಾನು, ಅದೇ ಗಂಜಿಯ ಊಟ. ಕಣ್ಣು ಎಳೆಯತೊಡಗಿತು.

"ಭಾವ," ಎಂದರು ಜಗನ್ನಾಥ ಭಾವ, "ನಿಮ್ಮ ಕಾರ್ಖಾನೆಯ ಹಂಚು ಹಾಕಿದ ಮನೆಯವರು ಮಳೆಗಾಲದಲ್ಲಿ ಒಳಗೂ ಕೊಡೆ ಹಿಡೀತಾರಂತೆ, ಹೌದಾ?"

ಕಣ್ಣು ಪೂರ್ತಿ ತೆರೆಯಿತು. ನಮ್ಮ ಹಂಚಿನ ಗುಣಮಟ್ಟದ ಬಗ್ಗೆ ಹೇಳಬೇಕಾದ್ದನ್ನೆಲ್ಲ ಹೇಳಿದೆ. ಹೇಳಿ ದಣಿದು, ಮತ್ತೆ ತೂಕಡಿಕೆ ಬರುವಷ್ಟರಲ್ಲಿ ಭಾವ ಕಷಾಯದ ಲೋಟದ ಸುದ್ದಿ ತೆಗೆದರು. ಆಮೇಲೆ ಬಣ್ಣದ ನೂಲು. ಆಮೇಲೆ ಸ್ಟೂಲಿನ ಮೇಲಿನ ನನ್ನ ಭಾಷಣವನ್ನು, ಸದರಿ ಸದರಿ ಎನ್ನುತ್ತಾ, ಮಲಗಿದಲ್ಲಿಂದಲೇ ಅಣಕಿಸಿದರು. ಮಧ್ಯಾಹ್ನವಿಡೀ ನನ್ನ ರಕ್ತ ಕುದಿಯುತ್ತಲೇ ಇತ್ತು. ಅವರ ಮುಖ ನೋಡಲಾಗದೆ ಬಾಟ್ಲಿಯನ್ನೇ ದುರುಗುಟ್ಟಿ ನೋಡುತ್ತಿದ್ದೆ. ಅದು ತಳ ಮುಟ್ಟಿತು.

"ಸಿಸ್ಟರ್! ಬಾಟ್ಲಿ ಮುಗೀತು! ಯಾರೂ ಇಲ್ವಾ ಈ ಆಸ್ಪತ್ರೆಯಲ್ಲಿ?" ಎಂದು ಕಿಟಕಿ ಅದುರುವ ಹಾಗೆ ಕಿರುಚಿದೆ.

ಲೂಸಿ ಸಿಸ್ಟರ್ ಬಂದು ಬಾಟ್ಲಿ ನೋಡಿದರು, ನನ್ನನ್ನು ನೋಡಿದರು. ಒಂದು ತೊಟ್ಟೂ ಹೆಚ್ಚುಕಡಿಮೆಯಾಗಿರಲಿಲ್ಲ. ಭಾವ ತಲೆದಿಂಬಿಗೆ ಒರಗಿ ತೃಪ್ತಿಯಿಂದ ಹೇಳಿದರು:

"ನೋಡಿ ಸಿಸ್ಟರ್, ಈ ಗಂಟೆ ಸಮ ಬಾರಿಸ್ತದೆ. ಆಗಾಗ ಸ್ವಲ್ಪ ಕೀಲಿ ಕೊಡ್ತಾ ಇರ್ಬೇಕು, ಅಷ್ಟೇ."

ನನಗೆ ಭಯಂಕರ ಕೋಪ ಬಂತು. ಆದರೆ ಭಾವನ ಆ ಶೋಧನೆಯಲ್ಲಿ ಒಂದಾದರೂ ತಪ್ಪು ಹುಡುಕೋಣವೆಂದು ಜೆಪ್ಪುವಿನವರೆಗೆ ನಡೆದೇ ಬಂದರೂ, ಒಂದೂ ಸಿಗಲಿಲ್ಲ.